ಮಗನ ಕೈಯ ಕ್ಷೌರ

ಮಾನ್ವಿ ಬಸ್ ನಿಲ್ದಾಣದಲ್ಲಿ ಬೂದೆಮ್ಮ ರಾಯಚೂರು ಬಸ್ಸಿಗೆ ಕಾದಿದ್ದಳು. ಕಿವಿ ಮಾತ್ರ ಪಕ್ಕದ ತಂದೆ-ಮಗನ ಕಡೆಗಿತ್ತು. ತಂದೆಯ ಗದ್ದದ ಮೇಲೆ ಬ್ಲೇಡಿನ ಹಸಿ ಗಾಯ.

“ಯಪ್ಪಾ, ಎದುರಿಗೇ ಕಟಿಂಗ್ ಅಂಗಡಿ ಅದ. ಇಲ್ಲಿ ಯಾರೂ ಜಾತಿ ಕೇಳಂಗಿಲ್ಲ.”

“ಮುಂಜಾನಿ ನೀನ ಗಡ್ಡ ಮಾಡೀಯಲ್ಲೋ.”

“ಕೊಯ್ದೀನಿ. ಕೋರ್ಟಿಗೆ ಹಿಂಗ ಹೋಗ್ತಾರೇನು?”

“ಕೋರ್ಟೂ ನೋಡ್ಲಿ. ಊರಾಗ ಕಟಿಂಗ್ ಅಂಗಡಿ ಕುರ್ಚಿ ಮ್ಯಾಲ ಕುಂತಿ ಅಂತ ನಿನ್ನ ಹೊಡದ್ರು. ನಮ್ಮ ಓಣಿಗೆ ನೀರು, ಕಿರಾಣಿ ಎಲ್ಲಾ ಬಂದ್ ಮಾಡಿದ್ರು.”

“ಆವತ್ತು ಅವರ ಕಾಲಿಗೆ ಬೀಳು ಅಂದಿದ್ದಿ. ಈಗ ನೀನ ಸಾಕ್ಷಿ ಹೇಳಾಕ ಹೊಂಟಿ.”

“ನೀ ನನ್ನ ಗಡ್ಡ ಮಾಡುವಾಗ ನಿನ್ನ ಮಾರಿ ಹತ್ರ ಬರ್ತದ. ಹುಬ್ಬಿನ ಮ್ಯಾಲಿನ ಹೊಲಿಗಿ ಗುರುತು ಕಾಣ್ತದ.”

ಬಸ್ಸು ಬಂತು. ಮಗ ಹೆಗಲ ಮೇಲಿನ ವಸ್ತ್ರದ ತುದಿಯಿಂದ ತಂದೆಯ ಗದ್ದ ಒರೆಸಿದ.

“ಗೆದ್ದು ಬಂದಮ್ಯಾಲ ಅದೇ ಕುರ್ಚಿಗೆ ಹೋಗೂಣು. ಮೊದಲ ನೀ ಕುಂದರು, ನಿನ್ನ ಹಿಂದ ನಾನು,” ಎನ್ನುತ್ತ ತಂದೆ ಬಸ್ಸು ಹತ್ತಿದ.