ಬಂದು ಹಾಕ್ತೀನಿ ಅಂದ ಬಲ್ಬು

ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ನನಗಿಂತ ದೊಡ್ಡವನು, ಅಣ್ಣ ಅಂತೀನಿ. ಹಳೇ ಆಟದ ಮಷೀನುಗಳ ರಿಪೇರಿ ಅವನ ಕಸುಬು. ದೆವ್ವ ಅಂದರೆ ಹಲ್ಲು ಕಿರಿದು ನಗ್ತಿದ್ದ. ಈಗ ನಗಲ್ಲ.

ಅವತ್ತು ರಾತ್ರಿ ಕೆಲಸ ಮುಗಿಸಿ, ಬ್ಯಾಗು ಹೆಗಲಿಗೆ ಹಾಕ್ಕೊಂಡು, ಪಾಳುಬಾವಿ ದಾಟಿ ಮನೆಗೆ ಹೋಗ್ತಿದ್ದ. ಹಿಂದೆ ಚಪ್ಪಲಿ ಸದ್ದು... ಪಟ್... ಪಟ್... ಇವನು ಜೋರಾಗಿ ನಡೆದರೆ ಅದೂ ಜೋರು. ತಿರುಗಿ ನೋಡಿದರೆ ದೆವ್ವವೂ ಅಲ್ಲ, ಗಿವ್ವವೂ ಅಲ್ಲ. ಮುಚ್ಚಿಹೋದ ಆಟದ ಅಂಗಡಿಯ ಯಜಮಾನರು, ಏದುಸಿರು ಬಿಡ್ತಾ ನಿಂತಿದ್ದಾರೆ.

"ಆ ಬಲ್ಬು ಸರಿ ಮಾಡಿದ್ದು ನೀನಾ?"

"ಹೂಂ ಯಜಮಾನ್ರೇ. ನಿಮ್ಮ ಮಗಳು ಹೇಳಿದ್ರು..."

"ಬಾ. ಕಿತ್ತು ಹಾಕು."

ಮಗಳು ಪಾಪ ಒಳ್ಳೇದಕ್ಕೇ ಹೇಳಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಪ್ಪ ರಾತ್ರಿಯೆಲ್ಲ ಆ ಅಂಗಡಿಯಲ್ಲಿ, ಒಂದು ಪಿನ್‌ಬಾಲ್ ಮಷೀನಿನ ಪಕ್ಕ ಕೂತಿರ್ತಾರೆ. ಅದರಲ್ಲೊಂದು ಬಲ್ಬು ದಿನಾ ಆರಿಹೋಗುತ್ತೆ. ಅದು ಸರಿಹೋದರೆ ಮನೆಗೆ ಬಂದು ಮಲಗ್ತಾರೇನೋ ಅಂತ ಅವಳ ಲೆಕ್ಕ.

ಪಿನ್‌ಬಾಲ್ ಅಂದರೆ ಗಾಜಿನ ಕೆಳಗೆ ಇಳಿಜಾರು ಹಲಗೆ, ಅದರ ಮೇಲೆ ಓಡೋ ಉಕ್ಕಿನ ಗುಂಡು, ಗುಂಡು ಬಡಿದ ಕಡೆಯೆಲ್ಲ ದೀಪ. ಆ ದೀಪಗಳ ವೈರು ಹಲಗೆ ಅಡಿಯಲ್ಲಿ ಹೋಲ್ಡರಿನಿಂದ ಹೋಲ್ಡರಿಗೆ ಹೋಗುತ್ತೆ. ಬೇರೆಯವರಾದರೆ ಬಲ್ಬು ಬದಲಾಯಿಸಿ ಕೈ ತೊಳ್ಕೊಳ್ತಿದ್ದರು. ಇವನು ಅವತ್ತು ಹಗಲಲ್ಲೇ ಹೋಗಿ ಹಲಗೆ ಎತ್ತಿ ನೋಡಿದ. ಬಲ್ಬು ಚೆನ್ನಾಗೇ ಇದೆ. ಹೋಲ್ಡರಿಗೆ ತುಕ್ಕು, ವೈರು ಕಳಚಿದೆ. ಹಳೇದೆಲ್ಲ ಕಿತ್ತೆಸೆದು ಹೊಸ ಹೋಲ್ಡರ್ ಕೂರಿಸಿ, ಹೊಸ ವೈರನ್ನು ಬೇರೆ ದಾರಿಯಲ್ಲಿ ಎಳೆದು ಬೆಸುಗೆ ಹಾಕಿದ. ಅಚ್ಚುಕಟ್ಟಾದ ಕೆಲಸ. ಅದೇ ತಪ್ಪಾಯ್ತು.

ಯಜಮಾನರು ಅವನನ್ನ ಅಂಗಡಿಗೆ ಕರ್ಕೊಂಡು ಹೋಗಿ, ಒಳಗಿಂದ ಷಟರ್ ಎಳೆದು ಪಿಸುಗುಟ್ಟಿದರು.

"ದೀಪದ ಕೆಲಸ ನನ್ನವಳದು. ಅವಳ ಬೆರಳು ಸಣ್ಣ, ಟೇಪು ಹಲ್ಲಲ್ಲೇ ಹರಿಯೋಳು. ಆಸ್ಪತ್ರೆಗೆ ಹೊರಟಾಗ ಇದನ್ನ ಅರ್ಧಕ್ಕೆ ಬಿಟ್ಟಳು. 'ನೀವು ಮುಟ್ಟಬೇಡಿ, ಬಂದು ಹಾಕ್ತೀನಿ' ಅಂದಳು... ಬರ್ತಾಳೆ ಕಣಪ್ಪ. ದಿನಾ ರಾತ್ರಿ ಬಂದು ಹಾಕ್ತಾಳೆ. ದಿನಾ ಸಂಜೆ ನಾನು ವೈರು ಕೀಳ್ತೀನಿ. ಕೀಳೋದಕ್ಕೆ ಇಕ್ಕಳ ಸಾಕಾಗ್ತಿತ್ತು, ನೀನು ಬೆಸೆದಿದ್ದು ಬರ್ತಿಲ್ಲ."

ಅಣ್ಣ ಬ್ಯಾಗಿನಿಂದ ಕಟ್ಟರ್ ತೆಗೆದ. ತಾನೇ ಬೆಸೆದ ವೈರನ್ನು ತಾನೇ ಕತ್ತರಿಸಿದ. ಇಬ್ಬರೂ ಮಷೀನಿಗೆ ಬೆನ್ನು ಹಾಕಿ ಕೂತರು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ... ಕಿರ್‌ರ್... ಹಲಗೆ ಎದ್ದಿತು. ಕಿಚ್... ಕಿಚ್... ಹೋಲ್ಡರಿನಲ್ಲಿ ಬಲ್ಬು ತಿರುಗಿತು. ಯಜಮಾನರ ಮುಖ ಅರಳಿತು.

ದೀಪ ಹತ್ತಲಿಲ್ಲ.

ಮತ್ತೆ ಕಿಚ್... ಕಿಚ್... ಆಮೇಲೆ ಒಂದೊಂದೇ ವೈರನ್ನು ಉಗುರಲ್ಲಿ ಮೀಟಿದ ಸದ್ದು. ಟಿಕ್... ಟಿಕ್... ತನ್ನ ಹಳೇ ವೈರನ್ನು ಹುಡುಕ್ತಿದ್ದಳು. ಅದು ಕಸದ ಬುಟ್ಟಿಯಲ್ಲಿತ್ತು. ಹುಡುಕ್ತಾನೇ ಇದ್ದಳು... ಕೊನೆಗೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತಂತೆ. ಸತ್ತವರೂ ಅಳ್ತಾರೆ ಅಂತ ಅಣ್ಣನಿಗೆ ಅವತ್ತೇ ಗೊತ್ತಾಗಿದ್ದು.

ಯಜಮಾನರಿಗೆ ತಡೆಯೋಕಾಗಲಿಲ್ಲ. "ನನ್ನ ಆಸೆಗೆ ಅವಳನ್ನ ಗೋಳು ಹೊಯ್ಕೊಂಡೆ. ಹೋಗಪ್ಪಾ... ಹೊಸ ವೈರು ಎಲ್ಲಿದೆ ಅಂತ ನೀನೇ ತೋರಿಸಿಕೊಡು. ಅವಳು ಹೊರಡಲಿ."

"ನಾಳೆ...?"

"ನಾಳೆ ಕೀಳಲ್ಲ. ಇನ್ನು ಕೀಳಲ್ಲ."

ಅಣ್ಣ ಕಣ್ಣು ಮುಚ್ಚಿಕೊಂಡೇ ಹೋಗಿ ಹಲಗೆ ಅಡಿ ಕೈ ಹಾಕಿದ. ಆ ದೀಪದ ವೈರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟಿಲ್ಲ. ಕತ್ತರಿಸಿದ ವೈರಿನ ಒಂದು ತುದಿ ಸಿಕ್ಕಿತು. ಇನ್ನೊಂದನ್ನು... ಯಾರೋ ಅವನ ಬೆರಳಿಗೆ ತಂದುಕೊಟ್ಟರು. ತಣ್ಣಗಿನ, ಸಣ್ಣ ಬೆರಳು. ಎರಡನ್ನೂ ಸೇರಿಸಿ ಹೊಸೆದ. ಮುಚ್ಚಿದ ರೆಪ್ಪೆ ಮೇಲೆ ಬೆಳಕು ಬಿತ್ತು.

"ಹುಷಾರಾಗಿ ಹೋಗೇ," ಅಂದರು ಯಜಮಾನರು, ಗೋಡೆ ಕಡೆ ಮುಖ ಮಾಡಿಕೊಂಡೇ.

ಆಮೇಲೆ ಅವರು ವೈರು ಕೀಳಲಿಲ್ಲ. ಮನೆಯಲ್ಲೇ ಮಲಗ್ತಾರೆ. ನಿದ್ದೆ ಮಾಡ್ತಾರೆ ಅಂತ ಮಾತ್ರ ಮಗಳು ಹೇಳಲ್ಲ.

ಕಟ್ಟುಕತೆ ಅನ್ನೋರು ಅನ್ನಲಿ. ಅಣ್ಣ ವೈರನ್ನು ಬರಿಗೈಲಿ ಹೊಸೆದು ಬಿಟ್ಟಿದ್ದ, ಅಷ್ಟೇ. ಆಮೇಲೆ ಹಲಗೆ ಎತ್ತಿ ನಾನೇ ಕಣ್ಣಾರೆ ನೋಡಿದ್ದೀನಿ. ಆ ಹೊಸೆದ ಜಾಗಕ್ಕೆ ಕರಿ ಟೇಪು ಸುತ್ತಿದೆ. ಟೇಪಿನ ತುದಿ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ... ಹಲ್ಲಲ್ಲಿ ಕಚ್ಚಿ ಹರಿದದ್ದು.