ತಡವಾಗಿ ಕೆಲಸ ಮಾಡಿದ ಕೇಬಲ್

ಮಾನ್ಯ ಅಧ್ಯಕ್ಷರೇ, ನನ್ನ ಎಡಗಡೆ ಕೂತು ಈಗಾಗಲೇ ಗಡಿಯಾರ ನೋಡುತ್ತಿರುವ ಖಜಾಂಚಿಯವರೇ, ಇಂದು ಸನ್ಮಾನಕ್ಕೆ ಸಿಕ್ಕಿಬಿದ್ದಿರುವ ಕಾರ್ಯದರ್ಶಿಗಳೇ, ಹೊಲಿಗೆಗಾರರ ಸಂಘದ ಸದಸ್ಯರೇ, ಅವರ ಮನೆಯವರೇ, ಬಾಗಿಲ ಪಕ್ಕದ ಕುರ್ಚಿಗಳನ್ನು ಮೊದಲೇ ಹಿಡಿದಿರುವ ಬುದ್ಧಿವಂತ ಸಭಿಕರೇ,

ನಾನು ವ್ಯಾಪಾರಿ. ಟಿವಿ ಅಂಗಡಿ ನನ್ನದು. ಮಾತಿಗೆ ಮೊದಲು ಲೆಕ್ಕ ಹೇಳದಿದ್ದರೆ ನನಗೆ ಗಂಟಲು ಬಿಚ್ಚುವುದಿಲ್ಲ. ಆದ್ದರಿಂದ ಈ ಸಂಘದಲ್ಲಿ ನಡೆದ ಕೇಬಲ್ ಪ್ರಕರಣಕ್ಕೆ ಒಟ್ಟು ಏನೇನು ಖರ್ಚಾಯಿತು ಎಂಬುದನ್ನು ಮೊದಲು ಒಪ್ಪಿಸಿಬಿಡುತ್ತೇನೆ. ಟಿವಿಗೆ ಹಾಕುವ ಕೇಬಲ್ ಒಂದು, ಅದರ ಬೆಲೆ ಹೊಸ ಹೊಲಿಗೆ ಮಿಷನ್ನಿನ ಬೆಲೆಯಲ್ಲಿ ಅರ್ಧ. ಅಂಚು ಮಡಿಸಿ ಹೊಲಿದ ಕರ್ಟನ್ ಒಂದು, ಬಳಕೆಯಾದದ್ದು ಒಂದೇ ಸಂಜೆ. ಭಾವ ಭಾವಮೈದುನರ ನಡುವಿನ ಮಾತುಕತೆ, ಹೆಚ್ಚುಕಡಿಮೆ ಒಂದು ತಿಂಗಳದ್ದು. ಅವರಿಬ್ಬರ ನಡುವೆ ಸಿಕ್ಕಿಕೊಂಡ ಹೆಣ್ಣುಮಗಳೊಬ್ಬಳ ತಲೆನೋವು. ಇದಿಷ್ಟು ಖರ್ಚಿನ ಕಡೆ. ಜಮೆಯ ಕಡೆಗೆ ಆಮೇಲೆ ಬರುತ್ತೇನೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮ ಕಾರ್ಯದರ್ಶಿಗಳು ಖಜಾಂಚಿಯವರ ತಂಗಿಯ ಗಂಡ. ಸಂಘಕ್ಕೆ ಬರುವ ದೊಡ್ಡ ಆರ್ಡರುಗಳಿಗೆ ಬಟ್ಟೆ ಆರಿಸುವವರು ಅವರೇ. ಬೆರಳ ನಡುವೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ತುಂಡನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಆಮೇಲೆ ಹೂಂ ಅನ್ನುವ ಮನುಷ್ಯ. ಹೆಣ್ಣು ನೋಡಲು ಹೋದಾಗಲೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ ಎಂದು ಅವರ ಹೆಂಡತಿಯೇ ನನ್ನ ಹೆಂಡತಿಗೆ ಹೇಳಿದ್ದಾರೆ.

ಊರಿನ ಬ್ಯಾಂಡ್ ತಂಡದವರು ಮರೂನ್ ಬಣ್ಣದ ಕೋಟುಗಳನ್ನು ಹೊಲಿಸಿದರು. ಬಟ್ಟೆ ಕಾರ್ಯದರ್ಶಿಗಳ ಆಯ್ಕೆ. ಬ್ಯಾಂಡಿನವರು ಕೋಟು ತೊಟ್ಟುಕೊಂಡು ಪ್ರವಾಸ ಹೊರಟರು. ಮೊದಲ ಊರಿನ ಕಾರ್ಯಕ್ರಮ ಟಿವಿಯಲ್ಲಿ ಬಂತು. ಇಡೀ ಸಂಘ ಈ ಸಭಾಂಗಣದ ಟಿವಿಯ ಮುಂದೆ ಕೂತಿತು. ಬ್ಯಾಂಡ್ ಬಂತು, ತುತ್ತೂರಿ ಬಂತು, ಕೋಟೂ ಬಂತು. ಆದರೆ ಮರೂನ್ ಬರಲಿಲ್ಲ. ಪರದೆಯ ಮೇಲೆ ಕಂಡದ್ದು ಹಳೆಯ ಇಟ್ಟಿಗೆಯನ್ನು ಗಂಜಿಯಲ್ಲಿ ಅದ್ದಿ ತೆಗೆದಂಥ ಒಂದು ಬಣ್ಣ.

ಖಜಾಂಚಿಯವರು ಎದ್ದು ನಿಂತು, “ಬಣ್ಣ ಬಿಟ್ಟಿದೆ. ಒಂದು ಇಸ್ತ್ರಿ ತಡೆದಿಲ್ಲ ನಿನ್ನ ಬಟ್ಟೆ,” ಎಂದರು.

“ಭಾವ, ಬಟ್ಟೆ ಸರಿಯಾಗಿದೆ. ಟಿವಿ ಸುಳ್ಳು ಹೇಳ್ತಿದೆ.”

“ಟಿವಿಗೆ ನಿನ್ನ ಮೇಲೆ ಏನಯ್ಯಾ ದ್ವೇಷ?”

ಸಭಿಕರೇ, ಇದು ನಗುವ ಮಾತಾಗಿರಲಿಲ್ಲ. ಬಟ್ಟೆ ಕೆಟ್ಟದ್ದೆಂದಾದರೆ ಅಷ್ಟೂ ಕೋಟುಗಳನ್ನು ಆರಿಸಿದವನೇ ತನ್ನ ಖರ್ಚಿನಲ್ಲಿ ಮತ್ತೆ ಹೊಲಿಸಿಕೊಡಬೇಕು. ಅದು ಈ ಸಂಘದ ನಿಯಮ. ಹಾಗೆ ಮಾಡಬೇಕಾದರೆ ಕಾರ್ಯದರ್ಶಿಗಳು ತಮ್ಮ ಎರಡು ಮಿಷನ್ನುಗಳನ್ನೂ ಮಾರಬೇಕಿತ್ತು. ಮಿಷನ್ ಮಾರಿದ ದರ್ಜಿ, ಬಟ್ಟೆ ಗೊತ್ತಿಲ್ಲದ ದರ್ಜಿ ಎಂಬ ಎರಡು ಬಿರುದು ಒಟ್ಟಿಗೆ ಹೊತ್ತು ಯಾವ ಬೀದಿಯಲ್ಲಿ ಅಂಗಡಿ ಹಾಕುವುದು?

ಕೋಟು ಕಣ್ಣಾರೆ ನೋಡೋಣವೆಂದರೆ ಬ್ಯಾಂಡ್ ಎರಡು ತಿಂಗಳ ಪ್ರವಾಸದಲ್ಲಿತ್ತು. ಬೇರೆ ಟಿವಿಯಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾರ್ಯಕ್ರಮದ ರೆಕಾರ್ಡಿಂಗ್ ಇದ್ದದ್ದು ಟಿವಿಯ ಕೆಳಗಿನ ಸೆಟ್‌ಟಾಪ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಸಂಘದ ಆಸ್ತಿ. ಸಂಘದ ಆಸ್ತಿಯನ್ನು ಹೊಸ್ತಿಲು ದಾಟಿಸಲು ಖಜಾಂಚಿಯವರ ಸಹಿ ಬೇಕು. ಖಜಾಂಚಿಯವರ ಸಹಿ ಸಿಗುವುದಕ್ಕಿಂತ ಬ್ಯಾಂಡ್ ತಿರುಗಿ ಬರುವುದೇ ಬೇಗ.

ಆಗ ಕಾರ್ಯದರ್ಶಿಗಳು ನನ್ನ ಅಂಗಡಿಗೆ ಬಂದರು. ಮುಖ ಬತ್ತಿತ್ತು. “ಪೆಟ್ಟಿಗೆಯಿಂದ ಟಿವಿಗೆ ಹೋಗೋ ಕೇಬಲ್ಲೇ ಬಣ್ಣ ತಿಂತಿರಬೇಕು. ನಿಮ್ಮಲ್ಲಿರೋ ಅತಿ ಒಳ್ಳೇದು ಕೊಡಿ,” ಎಂದರು.

ಒಳ್ಳೆಯದೆಂದರೆ ಅದಕ್ಕೆ ಜಡೆಯ ಹಾಗೆ ಹೆಣೆದ ಹೊದಿಕೆ, ತುದಿಗಳಿಗೆ ಚಿನ್ನದ ಲೇಪ, ಮಲಗಿಸಲು ಮಖಮಲ್ಲಿನ ಡಬ್ಬಿ. ನಾನು ಕೊಟ್ಟೆ. ಟಿವಿ ಮಾರಿದರೆ ಅಂಗಡಿಯ ಬಾಡಿಗೆ ಹುಟ್ಟುತ್ತದೆ, ಕೇಬಲ್ ಮಾರಿದರೆ ಮನೆಯ ಒಲೆ ಉರಿಯುತ್ತದೆ. ಈ ಮಾತನ್ನು ವೇದಿಕೆಯ ಮೇಲೆ ಹೇಳಬಾರದಿತ್ತೇನೋ. ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ ಕಣ್ಣು ಬಿಡುತ್ತಿದ್ದಾಳೆ.

ಅವಳ ವಿಷಯ ಬಂದದ್ದರಿಂದ ಒಂದು ಮಾತು. ದುಬಾರಿ ತಂತಿಯಿಂದ ಚಿತ್ರ ಸುಧಾರಿಸುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು ಗೊತ್ತೇ? ಆಂಟೆನಾ ಕಾಲದಿಂದ. ನಾನು ಈ ವೃತ್ತಿ ಶುರು ಮಾಡಿದ್ದೇ ಜನರ ಮನೆಯ ಮಾಡು ಹತ್ತಿ ಆಂಟೆನಾ ತಿರುಗಿಸುವುದರಿಂದ. ಆಗ ಚಿತ್ರ ಗಾಳಿಯಲ್ಲಿ ತೇಲಿ ಬರುತ್ತಿತ್ತು; ತೆಳು ತಂತಿಯಲ್ಲಿ ಅರ್ಧ ಸೋರಿ ಹೋಗುತ್ತಿತ್ತು. ದಪ್ಪ ತಂತಿ ಹಾಕಿದರೆ ಮುಖ ಮುಖವಾಗಿ ಕಾಣುತ್ತಿತ್ತು, ಇಲ್ಲದಿದ್ದರೆ ಎಳ್ಳು ಚೆಲ್ಲಿದ ಹಾಗೆ. ಒಂದು ಮನೆಯಲ್ಲಿ ನಾನು ಎಷ್ಟು ದಪ್ಪ ತಂತಿ ಹಾಕಿದರೂ ಕೆಳಗಿನಿಂದ ಒಬ್ಬ ಹುಡುಗಿ, “ಇಲ್ಲ, ಇನ್ನೂ ಬಂದಿಲ್ಲ, ಇನ್ನೊಂಚೂರು ತಿರುಗಿಸಿ,” ಎಂದು ಕೂಗುತ್ತಲೇ ಇದ್ದಳು. ಚಿತ್ರ ಯಾವಾಗಲೋ ಬಂದಾಗಿತ್ತಂತೆ. ಮರುವಾರ ಅದೇ ಮನೆಯ ಆಂಟೆನಾದ ತಿರುಪು ಮತ್ತೆ ಸಡಿಲವಾಯಿತು. ಅದರ ಮರುವಾರವೂ ಆಯಿತು. ಗಾಳಿಯೇ ಇಲ್ಲದ ದಿನಗಳಲ್ಲಿ ಅದು ಹೇಗೆ ಸಡಿಲವಾಗುತ್ತಿತ್ತು ಎಂಬುದನ್ನು ನನ್ನ ಮಾವನವರು ಕೊನೆಯವರೆಗೂ ಕೇಳಲಿಲ್ಲ, ನಾವಿಬ್ಬರೂ ಹೇಳಲಿಲ್ಲ.

ಈಗಿನ ಕೇಬಲ್ ಹಾಗಲ್ಲ. ಅದರೊಳಗೆ ಹೋಗುವುದು ಬರೀ ಅಂಕಿಗಳು. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಗಿರಾಕಿಯ ಅಳತೆ ಬರೆದ ಚೀಟಿಯನ್ನು ಒಬ್ಬ ಸೈಕಲ್ಲಿನಲ್ಲಿ ತಂದ, ಇನ್ನೊಬ್ಬ ಕಾರಿನಲ್ಲಿ ತಂದ. ಕಾರಿನಲ್ಲಿ ಬಂದ ಮಾತ್ರಕ್ಕೆ ಸೊಂಟದ ಸುತ್ತಳತೆ ಸಣ್ಣದಾಗುತ್ತದೆಯೇ? ಚೀಟಿ ದಾರಿಯಲ್ಲಿ ಹರಿದರೆ ಮಾತ್ರ ಕಷ್ಟ. ಆಗ ಬಣ್ಣ ಮಾಸುವುದಿಲ್ಲ, ಚಿತ್ರವೇ ಚೂರುಚೂರಾಗುತ್ತದೆ, ಇಲ್ಲವೇ ನಿಂತುಹೋಗುತ್ತದೆ. ಗೋಡೆ ಕೊರೆದು ಮೂರು ಕೋಣೆ ದಾಟಿಸುವುದಿದ್ದರೆ ಒಳ್ಳೆಯ ಕೇಬಲ್ ಕೊಳ್ಳಿ. ಪೆಟ್ಟಿಗೆಗೂ ಟಿವಿಗೂ ಒಂದು ಮೊಳ ದೂರವಿದ್ದರೆ ಸಾದಾ ಕೇಬಲ್ ಸಾಕು. ಇದನ್ನೆಲ್ಲ ಅಂಗಡಿಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಅಂಗಡಿಯಲ್ಲಿ ನನ್ನನ್ನು ಯಾರೂ ಭಾಷಣಕ್ಕೆ ಕರೆದಿರಲಿಲ್ಲ.

ಹೊಸ ಕೇಬಲ್ ಹಾಕಿದ ದಿನ ಸಂಘ ಎರಡಾಯಿತು. ಕಾರ್ಯದರ್ಶಿಗಳ ಕಡೆಯವರು “ಕೆಂಪು ಏರಿದೆ” ಎಂದರು. ಖಜಾಂಚಿಯವರ ಕಡೆಯವರು “ನಿಮ್ಮ ಕಣ್ಣಿಗೆ ಏರಿದೆ” ಎಂದರು. ಭಾವ ಭಾವಮೈದುನರು ಮಾತು ಬಿಟ್ಟರು. ಕೊನೆಗೆ ಅಧ್ಯಕ್ಷರು ಪರೀಕ್ಷೆ ನಡೆಸಿ ತೀರ್ಮಾನಿಸೋಣ ಎಂದರು. ಎರಡು ಕೇಬಲ್‌ಗಳಲ್ಲಿ ಒಂದೇ ದೃಶ್ಯ ತೋರಿಸುವುದು, ಯಾವುದು ಯಾವುದೆಂದು ಹೇಳದಿರುವುದು. ಹೊಸದರಲ್ಲಿ ಬಣ್ಣ ಸುಧಾರಿಸಿದರೆ ಬಟ್ಟೆ ಪಾರು. ಇಲ್ಲವಾದರೆ ಬಟ್ಟೆಯೇ ಕೆಟ್ಟದ್ದು. ಕೇಬಲ್ ಬದಲಿಸಲು ನನ್ನನ್ನು ಕರೆದರು. ನನ್ನ ಕೈ ಕಾಣದಂತೆ ಟಿವಿಯ ಪಕ್ಕದಿಂದ ಗೋಡೆಯವರೆಗೆ ಒಂದು ಕರ್ಟನ್ ಕಟ್ಟಿದರು. ಒಂದು ಸಂಜೆಯ ಕೆಲಸಕ್ಕೆ ಹಳೆಯ ಚಾದರ ಸಾಲದೇ? ದರ್ಜಿಗಳಲ್ಲವೇ, ಅಳತೆ ತೆಗೆದು ಹೊಲಿದರು.

ಮೊದಲ ಸಲ ತೋರಿಸಿದೆ. ಎರಡನೆಯ ಸಲ ತೋರಿಸಿದೆ. ಕರ್ಟನ್ನಿನ ಹಿಂದೆ ಕೂತು ತೀರ್ಪುಗಳನ್ನು ಕೇಳಿದೆ. ಒಬ್ಬರು ಎರಡನೆಯದರಲ್ಲಿ ದಾಳಿಂಬೆ ಕಂಡರು. ಇನ್ನೊಬ್ಬರು ಮೊದಲನೆಯದೇ ದಾಳಿಂಬೆ, ಎರಡನೆಯದು ಈರುಳ್ಳಿ ಸಿಪ್ಪೆ ಎಂದರು. ಮೂರನೆಯವರು ತುತ್ತೂರಿಯ ಸದ್ದು ಕೂಡ ಸ್ವಚ್ಛವಾಯಿತು ಎಂದರು. ಸದ್ದನ್ನು ನಾನು ಮೊದಲೇ ಬಂದ್ ಮಾಡಿದ್ದೆ.

ಅಧ್ಯಕ್ಷರು ಕೊನೆಗೆ ಕಾರ್ಯದರ್ಶಿಗಳನ್ನು ಕೇಳಿದರು. ವ್ಯತ್ಯಾಸ ಕಂಡಿತು ಎಂಬ ಒಂದೇ ಒಂದು ಮಾತನ್ನು ತಮ್ಮ ಪರವಾಗಿ ಅವರೇ ಹೇಳಿಕೊಳ್ಳಬಹುದಿತ್ತು. ಅವರ ಹೆಂಡತಿ, ಸಂಘದಲ್ಲಿ ಗುಂಡಿಗಳ ಕಾಜಾ ಹೊಲಿಯುವ ಅಕ್ಕ, ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಕಾರ್ಯದರ್ಶಿಗಳು ಪರದೆಯನ್ನು ಇನ್ನೊಮ್ಮೆ ನೋಡಿದರು.

“ಎರಡೂ ಒಂದೇ,” ಎಂದರು. “ನನಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ. ಕೋಟು ನಾನೇ ಹೊಲಿಸಿಕೊಡ್ತೀನಿ.”

ನಾನು ಎಷ್ಟೋ ಗಿರಾಕಿಗಳನ್ನು ನೋಡಿದ್ದೇನೆ. ಕಾಸು ಕೊಟ್ಟು ಕೊಂಡ ವಸ್ತುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ನಾಲ್ಕು ಜನರ ಎದುರು ಹೇಳಿದವರನ್ನು ನೋಡಿದ್ದು ಅದೇ ಮೊದಲು. ಇಂದಿನ ಸನ್ಮಾನ ಅವರ ಬಟ್ಟೆಯ ಜ್ಞಾನಕ್ಕೆ ಎಂದು ಸ್ಮರಣಿಕೆಯ ಮೇಲೆ ಕೆತ್ತಿದ್ದೀರಿ. ನನ್ನನ್ನು ಕೇಳಿದರೆ ಅದು ‘ಎರಡೂ ಒಂದೇ’ ಎಂಬ ಆ ಎರಡು ಪದಗಳಿಗೆ ಸಲ್ಲಬೇಕು.

ಗೆದ್ದ ಖಜಾಂಚಿಯವರಿಗೆ ಸುಮ್ಮನಿರಲಾಗಲಿಲ್ಲ. ಜೇಬಿನಿಂದ ಕೋಟು ಹೊಲಿದು ಉಳಿದ ಮರೂನ್ ಬಟ್ಟೆಯ ತುಂಡೊಂದನ್ನು ತೆಗೆದು, ಟಿವಿಯ ಹತ್ತಿರ ಹೋಗಿ, ಪರದೆಯ ಮೂಲೆಗೆ ಒತ್ತಿ ಹಿಡಿದರು. “ನೋಡಿ ಎಲ್ರೂ. ಹೇಗಿತ್ತು, ಹೇಗಾಗಿದೆ.”

“ಅಣ್ಣಾ, ಸಾಕು ಬಾ,” ಎಂದರು ತಂಗಿ.

ಅಣ್ಣ ಬರಲಿಲ್ಲ. ಯಾಕೆಂದರೆ ಅವರ ಹೆಬ್ಬೆರಳಿನ ಉಗುರಿಗೆ ಆ ಮೂಲೆಯಲ್ಲಿ ಎದ್ದ ಅಂಚೊಂದು ಸಿಕ್ಕಿತ್ತು. ಸಭಿಕರೇ, ನಿಮ್ಮ ವೃತ್ತಿಯವರ ಸ್ವಭಾವ ನಿಮಗೆ ಗೊತ್ತು. ಮದುವೆ ಮನೆಯಲ್ಲಿ ಎದುರಿನವರ ತೋಳಿನಲ್ಲಿ ಬಿಟ್ಟ ನೂಲು ಕಂಡರೂ ನಿಮ್ಮ ಕೈ ತಡೆಯುವುದಿಲ್ಲ. ಖಜಾಂಚಿಯವರ ಕೈಯೂ ತಡೆಯಲಿಲ್ಲ. ಬಾಯಿ ಬಟ್ಟೆಯನ್ನು ಬೈಯುತ್ತಿತ್ತು, ಬೆರಳು ಅಂಚನ್ನು ಎಳೆಯುತ್ತಿತ್ತು. ಪರ್ರ್ ಎಂದು ಒಂದು ಸದ್ದು. ಪರದೆಯಿಂದ ಒಂದು ಪ್ಲಾಸ್ಟಿಕ್ ಹಾಳೆ ಸುಲಿದು ಬಂತು. ಅದರ ಹಿಂದೆ, ಅಂಗೈ ಅಗಲದಲ್ಲಿ, ಮರೂನ್. ಖಜಾಂಚಿಯವರ ಕೈಯಲ್ಲಿದ್ದ ತುಂಡು ಎಲ್ಲಿ ಮುಗಿಯಿತು, ಕೋಟು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂಥ ಮರೂನ್.

ಕಾರ್ಖಾನೆಯಿಂದ ಬರುವಾಗ ಗೀರು ಬೀಳದಿರಲೆಂದು ಪರದೆಗೆ ಅಂಟಿಸಿರುವ ಹಾಳೆ ಅದು. ಟಿವಿ ಬಿಚ್ಚಿದ ದಿನವೇ ಸುಲಿದು ಎಸೆಯಬೇಕು. ಜವಳಿ ಸಗಟು ವ್ಯಾಪಾರಿಯೊಬ್ಬರು ಈ ಟಿವಿಯನ್ನು ಸಂಘಕ್ಕೆ ದಾನ ಕೊಟ್ಟಾಗ, “ಮಾಲು ಹೊಸದಾಗೇ ಇರ್ಲಿ, ಯಾರೂ ಹೊದಿಕೆ ಮುಟ್ಟಬಾರದು,” ಎಂದು ಆಜ್ಞೆ ಮಾಡಿದವರು ಯಾರು? ನಾನು ಹೇಳುವುದಿಲ್ಲ. ಅವರು ಈಗ ಎರಡನೆಯ ಸಲ ಗಡಿಯಾರ ನೋಡಿದರು. ವರ್ಷಗಟ್ಟಲೆ ಇಸ್ತ್ರಿಯ ಹಬೆ ತಾಗಿ ತಾಗಿ ಹಾಳೆ ಮಬ್ಬಾಗಿ ಹಳದಿಗೆ ತಿರುಗಿತ್ತು. ದಿನವೂ ನೋಡುವ ಮುಖಕ್ಕೆ ವಯಸ್ಸಾದದ್ದು ಯಾರಿಗೆ ಕಾಣುತ್ತದೆ? ಉಳಿದ ಹಾಳೆಯನ್ನೂ ಸುಲಿದಾಗ ಅಧ್ಯಕ್ಷರು, “ವಾರ್ತೆ ಓದೋ ಹುಡುಗಿಗೆ ಕಾಮಾಲೆ ಅಂದ್ಕೊಂಡಿದ್ದೆ ಕಣ್ರಯ್ಯಾ,” ಎಂದರು. ಟಿವಿ ಅಂಗಡಿಯವನಾದ ನಿನಗೂ ಕಾಣಲಿಲ್ಲವೇ ಎಂದು ಕೇಳಬೇಡಿ. ನನ್ನನ್ನು ಕೂರಿಸಿದ್ದು ಟಿವಿಯ ಹಿಂದೆ.

ಇನ್ನು ಖಜಾಂಚಿಯವರ ಮಾತು. ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿದರು, ಭಾವಮೈದುನನ ಕಡೆ ತಿರುಗಿದರು, ತಿಂಗಳ ಮೇಲೆ ಮೊದಲ ಬಾರಿ ನೇರವಾಗಿ ಮಾತಾಡಿದರು. “ನಿನ್ನ ಕೇಬಲ್ ಒಳ್ಳೇದೇ ಇದೆ ಕಣಯ್ಯಾ. ಸ್ವಲ್ಪ ತಡವಾಗಿ ಕೆಲಸ ಮಾಡ್ತು.”

ಕಾರ್ಯದರ್ಶಿಗಳು, “ಹೌದು ಭಾವ, ಹೊಸದಲ್ಲವಾ, ಬಿಸಿಯಾಗೋಕೆ ಹೊತ್ತು ಬೇಕು,” ಎಂದರು. ಕಾಜಾ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದನ್ನು ನಾನು ಕರ್ಟನ್ನಿನ ಸಂದಿನಿಂದ ನೋಡಿದೆ.

ಗಡಿಯಾರ ಮೂರನೆಯ ಸಲ ನೋಡಿಸಿಕೊಳ್ಳುವ ಮೊದಲು ಜಮೆಯ ಕಡೆ ಓದಿ ಮುಗಿಸುತ್ತೇನೆ. ಕಾರ್ಯದರ್ಶಿಗಳಿಗೆ ಅವರ ಹೆಸರು ಉಳಿಯಿತು, ಎರಡು ಮಿಷನ್ ಉಳಿದವು. ಅವರ ಹೆಂಡತಿಗೆ ಅಣ್ಣನೂ ಗಂಡನೂ ಒಂದೇ ಮೇಜಿನಲ್ಲಿ ಊಟಕ್ಕೆ ಸಿಕ್ಕರು. ಸಂಘಕ್ಕೆ ಬ್ಯಾಂಡಿನವರಿಂದ ಪ್ಯಾಂಟಿನ ಆರ್ಡರೂ ಬಂತು. ವಾರ್ತೆಯ ಹುಡುಗಿಗೆ ಆರೋಗ್ಯ ಬಂತು. ಖಜಾಂಚಿಯವರಿಗೆ ಏನು ಸಿಕ್ಕಿತು? ಅವರು ಹೋದ ವಾರ ಒಬ್ಬರೇ ನನ್ನ ಅಂಗಡಿಗೆ ಬಂದು, ಆ ಕಡೆ ಈ ಕಡೆ ನೋಡಿ, “ನಮ್ಮ ಮನೆ ಟಿವಿಗೂ ಅಂಥದೇ ಒಂದು ಕೇಬಲ್ ಕೊಡಿ. ಸ್ವಲ್ಪ ಬೇಗ ಕೆಲಸ ಮಾಡೋಂಥದ್ದು ಇದ್ರೆ ಅದನ್ನೇ ಕೊಡಿ,” ಎಂದರು. ಅಂಥದ್ದು ಇತ್ತು. ಅವರಿಗೆ ಅದು ಸಿಕ್ಕಿತು, ನನಗೆ ಅದರ ಬೆಲೆ ಸಿಕ್ಕಿತು.

ಇಷ್ಟು ಹೊತ್ತು ಕುರ್ಚಿ ಬಿಡದೆ ಕೇಳಿದ ನಿಮಗೆಲ್ಲ ನಾನು ಋಣಿ, ನನ್ನ ನಮಸ್ಕಾರ.