ಕೂಸಿನ ನಗು ನೋಡಿದ ಹೊತ್ತು

ಮಾಡುವ ಕೆಲಸ ಎಲ್ಲಿದೆಯೋ ಮನಸ್ಸೂ ಅಲ್ಲೇ ಇರಬೇಕು ಎಂದು ಇಷ್ಟು ಹೊತ್ತು ಪ್ರವಚನದಲ್ಲಿ ಹೇಳಿದೆ. ನೀವೆಲ್ಲ ತಲೆಯಾಡಿಸಿದಿರಿ. ತಲೆಯಾಡಿಸುವುದು ಸುಲಭ. ಅದಕ್ಕೇ ಈಗ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಒಬ್ಬರು ದನದ ಡಾಕ್ಟರು ಇದ್ದರು. ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ ಅವರೇ ಮಠಕ್ಕೆ ಬಂದು, ನನ್ನ ಮುಂದೆ ಕೂತು, “ಅಜ್ಜಾರ, ನನ್ನ ಹೆಸರು ಮುಚ್ಚಬ್ಯಾಡ್ರಿ. ಹೇಳ್ರಿ. ನಾಕು ಮಂದಿ ಕೇಳಲಿ” ಎಂದರು. ಅವರ ಹೆಸರು ಈರಸಂಗಪ್ಪ.

ಎಂಥ ಮನುಷ್ಯ ಗೊತ್ತೇ? ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಬಂದರೆ ಉಣ್ಣುವ ತಾಟು ಸರಿಸಿ ಏಳುವವರು. ಕುಡಿತವಿಲ್ಲ, ಎಲೆಯಡಿಕೆ ಕೂಡ ಇಲ್ಲ. ಕಾರಿನಲ್ಲಿ ಕೂತರೆ ಮೊದಲು ಬೆಲ್ಟು. ವೇಗದ ಮುಳ್ಳು ಐವತ್ತು ದಾಟಿದ್ದನ್ನು ಯಾರೂ ಕಂಡಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಅಪಘಾತ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಯಾವನೋ ಕುಡುಕ ಬರುತ್ತಾನೆ, ಇಲ್ಲವೆ ಯಾವನೋ ಪೋಕರಿ ಬರುತ್ತಾನೆ. ನಾವು ಬರುವುದಿಲ್ಲ. ನೋಡಿ, ಈರಸಂಗಪ್ಪನವರೂ ಹಾಗೆಯೇ ನೆಮ್ಮದಿಯಾಗಿದ್ದರು.

ಅವರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಐವತ್ತು ದಿನ ತುಂಬಿತ್ತು. ಆ ಮಧ್ಯಾಹ್ನ ಡಾಕ್ಟರು ಪಕ್ಕದ ಹಳ್ಳಿಯಲ್ಲಿ ಒಂದು ಎತ್ತಿನ ಕಾಲಿಗೆ ಮದ್ದು ಕಟ್ಟಿ ಊಟಕ್ಕೆ ಮನೆಗೆ ಹೊರಟಿದ್ದರು. ಕರಿ ನೆಲದ ಸೀಮೆ. ಎರಡೂ ಕಡೆ ಕಡಲೆ ಹೊಲ, ನಡುವೆ ಗೆರೆ ಎಳೆದಂಥ ರಸ್ತೆ. ಎದುರಿಗೆ ಒಂದೂ ಗಾಡಿಯಿಲ್ಲ. ಪಕ್ಕದ ಸೀಟಿನಲ್ಲಿದ್ದ ಮೊಬೈಲು ಟಣ್ ಎಂದಿತು. ಹೆಂಡತಿ ಫೋಟೋ ಕಳಿಸಿದ್ದರು. ಕೂಸು ಮೊದಲ ಸಲ ಬಾಯಿ ತೆರೆದು ನಕ್ಕಿತ್ತು.

ಅವರು ಮೊಬೈಲು ಎತ್ತಿಕೊಂಡರು. ನೋಡಿದರು. ತಾವೂ ನಕ್ಕರು.

ಎಷ್ಟು ಹೊತ್ತು ನೋಡಿರಬೇಕು? ಮೂರು ಸೆಕೆಂಡು. ಮೂರೇ ಸೆಕೆಂಡು. ಐವತ್ತರ ವೇಗದಲ್ಲಿ ಹೋಗುವ ಕಾರು ಅಷ್ಟರೊಳಗೆ ನಲವತ್ತು ಮೀಟರು ದಾಟುತ್ತದೆ. ನಲವತ್ತು ಮೀಟರು ಕಣ್ಣು ಕಟ್ಟಿಕೊಂಡು ಓಡಿಸು ಎಂದರೆ ನೀವು ಓಡಿಸುತ್ತೀರಾ? ಹುಚ್ಚೇ ಎಂದು ಕೇಳುತ್ತೀರಿ. ಆದರೆ ದಿನಾ ಓಡಿಸುತ್ತೀರಿ.

ರಸ್ತೆಯ ಎಡಬದಿಗೆ ದ್ಯಾಮವ್ವ ಎಂಬ ಹೆಣ್ಣುಮಗಳು ನಡೆದು ಹೋಗುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗಂಡನ ಬುತ್ತಿ. ಕಾರು ಮೆಲ್ಲನೆ ಎಡಕ್ಕೆ ವಾಲಿದ್ದು ಡಾಕ್ಟರಿಗೆ ಗೊತ್ತಾಗಲೇ ಇಲ್ಲ. ಸದ್ದು ಕೇಳಿದ ಮೇಲೆ ಬ್ರೇಕು ಒತ್ತಿದರು. ಇಳಿದು ಓಡಿದರು. ಎಷ್ಟೋ ಮೂಕಪ್ರಾಣಿಗಳ ನಾಡಿ ಹಿಡಿದ ಕೈ ಅದು. ಆ ಕೈಯಲ್ಲಿ ಅವಳ ಮುಂಗೈ ಹಿಡಿದು ಕೂತರು. ನಾಡಿ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಗಿ ನಿಂತೇಬಿಟ್ಟಿತು. ರೊಟ್ಟಿ, ಪುಂಡಿಪಲ್ಯ ಎಲ್ಲ ಮಣ್ಣಿನಲ್ಲಿ ಬಿದ್ದಿದ್ದವು.

ಹೊಲದಲ್ಲಿದ್ದ ಗಂಡ ಫಕೀರಪ್ಪ ಬುತ್ತಿಯ ದಾರಿ ನೋಡಿ ನೋಡಿ ರಸ್ತೆಗೆ ಬಂದ. ದೂರದಲ್ಲಿ ಮಂದಿ ಸೇರಿತ್ತು. “ಏನಾಗೇತ್ರೋ ಅಲ್ಲಿ? ಯಾರಿಗೇನಾತು?” ಎಂದು ಕೇಳುತ್ತಲೇ ಬಂದ. ಎಲ್ಲರೂ ದಾರಿ ಬಿಟ್ಟು ಸರಿದು ನಿಂತರು.

ಠಾಣೆಯ ಬಾಗಿಲಲ್ಲಿ ಡಾಕ್ಟರ ತಮ್ಮ ಅವರ ಕೈ ಹಿಡಿದುಕೊಂಡ. “ಅಣ್ಣಾ, ನೋಡಿದವರು ಯಾರೂ ಇಲ್ಲ. ಆಕೀನ ಒಮ್ಮೆಲೇ ಅಡ್ಡ ಬಂದ್ಲು ಅಂತ ಬರಸು. ಹೋದಾಕಿ ಏನು ತಿರುಗಿ ಬರ್ತಾಳೇನು? ಮನ್ಯಾಗ ಬಾಣಂತಿ ಅದಾಳ, ಕೂಸೈತಿ. ಅವರ ಮುಖಾನರ ನೋಡು.”

ಈರಸಂಗಪ್ಪನವರು ಹಾಗೆಯೇ ಬರೆಸಿದರು. ಹೌದು, ಆ ಒಳ್ಳೆಯ ಮನುಷ್ಯ ಹಾಗೆಯೇ ಬರೆಸಿದರು. ಆವತ್ತಿನ ಮಟ್ಟಿಗೆ ತಪ್ಪಿಸಿಕೊಂಡೆ ಎನ್ನಿಸಿತಂತೆ.

ಒಂಬತ್ತನೆಯ ದಿನ ಮನಸ್ಸು ತಡೆಯದೆ ಫಕೀರಪ್ಪನ ಮನೆಗೆ ಹೋದರು. ಅವನು ಬೈಯುತ್ತಾನೆ, ಬಡಿಯುತ್ತಾನೆ ಎಂದು ಸಿದ್ಧವಾಗಿಯೇ ಹೋಗಿದ್ದರು. ಅವನು ಬೈಯಲಿಲ್ಲ. ಕಂಬಳಿ ಹಾಸಿದ. ನೀರು ಕೊಟ್ಟ. ಆಮೇಲೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದ:

“ಸಾಹೇಬ್ರ, ಒಂದು ಮಾತು ಕೇಳತೀನ್ರಿ. ಆಕಿ ಓಡಿಕೋತ ಬಂದ್ಲೇನ್ರಿ?”

ಡಾಕ್ಟರು ನೀರಿನ ತಂಬಿಗೆ ಎತ್ತಿ ಬಾಯಿಗಿಟ್ಟರು. ಫಕೀರಪ್ಪನೇ ಮುಂದುವರಿಸಿದ:

“ಹಿಂದಿನ ದಿನ ಬುತ್ತಿ ತಡಾ ಆಗಿತ್ತರಿ. ನಾ ಬಾಯಿಗೆ ಬಂದಂಗ ಬೈದಿದ್ದೆ. ‘ನಾಳೆ ತಡಾ ಮಾಡಿದ್ರ ನಿನ್ನ ರೊಟ್ಟಿ ನಾಯಿಗೆ ಹಾಕತೀನಿ’ ಅಂದಿದ್ದೆ. ಆಕಿ ಸಾವಕಾಶ ನಡಿಯಾಕಿ ಸಾಹೇಬ್ರ, ನೋಡದಾ ರಸ್ತೆ ದಾಟಾಕಿ ಅಲ್ಲ. ನನ್ನ ಅಂಜಿಕಿಗೇ ಓಡ್ಯಾಳ. ಹೌದಿಲ್ಲೋ ಹೇಳ್ರಿ. ಒಂಬತ್ತು ದಿನ ಆತು, ರೊಟ್ಟಿ ಮುರದ್ರ ಬಾಯಿಗೆ ಹೋಗವಲ್ದು. ನಾನ ಕೊಂದೆ ಆಕಿನ.”

ನೋಡಿ. ಮೂರು ಸೆಕೆಂಡಿನ ಮೈಮರೆವು ಒಂದು ಜೀವ ತೆಗೆದಿತ್ತು. ಅದನ್ನು ಮುಚ್ಚಲು ಆಡಿದ ಒಂದು ಸುಳ್ಳು ಇನ್ನೊಂದು ಜೀವವನ್ನು ಬದುಕಿದ್ದಂತೆಯೇ ಸುಡುತ್ತಿತ್ತು. ಸತ್ತವಳ ಮೇಲೆ ತಪ್ಪು ಬಂತು, ಬದುಕಿದವನ ಮೇಲೆ ಪಾಪ ಬಂತು. ತಪ್ಪು ಮಾಡಿದವರು ಕಂಬಳಿಯ ಮೇಲೆ ಕೂತು ನೀರು ಕುಡಿಯುತ್ತಿದ್ದರು.

ಈರಸಂಗಪ್ಪನವರು ಕಂಬಳಿ ಬಿಟ್ಟು ನೆಲಕ್ಕಿಳಿದರು. “ಫಕೀರಪ್ಪ, ಆಕಿ ಓಡಲಿಲ್ಲ. ಅಡ್ಡ ಬರಲಿಲ್ಲ. ರಸ್ತೆ ಬಿಟ್ಟು ಬದಿಗೇ ಹೊಂಟಿದ್ಲು. ನಾ ಮೊಬೈಲ್ ನೋಡಾಕತ್ತಿದ್ದೆ. ನನ್ನ ಗಾಡೀನ ಆಕಿ ಮ್ಯಾಲೆ ಹೋತು. ನಾ ಸುಳ್ಳು ಬರಸೀನಿ.”

ಫಕೀರಪ್ಪ ಕೇಳಿದ: “ಏನು ನೋಡಾಕತ್ತಿದ್ರಿ?”

ಡಾಕ್ಟರು ಆ ಫೋಟೋ ತೆಗೆದು ತೋರಿಸಿದರು. ಫಕೀರಪ್ಪ ಮೊಬೈಲು ಹಿಡಿದುಕೊಂಡು ಕೂಸಿನ ಮುಖವನ್ನೇ ನೋಡುತ್ತ ಕೂತ.

“ಮೊಮ್ಮಗಳೇನ್ರಿ?”

“ಹೌದು.”

“ಎಲ್ಲೈತ್ರಿ ಕೂಸು?”

“ನಮ್ಮ ಮನ್ಯಾಗ.”

“ನೀವು ಎಲ್ಲಿಗೆ ಹೊಂಟಿದ್ರಿ?”

“ಮನೀಗೆ.”

ಫಕೀರಪ್ಪ ಮೊಬೈಲು ತಿರುಗಿ ಕೊಟ್ಟ. “ಹಂಗಾರ ಮನೀಗೆ ಹೋಗಿ ಎತ್ತಿಕೊಂಡ ನೋಡಬಹುದಿತ್ತಲ್ಲರಿ ಸಾಹೇಬ್ರ. ಹತ್ತು ಮಿನಿಟಿನ ದಾರಿ.” ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತ. ಒಂಬತ್ತು ದಿನಗಳಲ್ಲಿ ಅವನು ಅತ್ತದ್ದು ಅದೇ ಮೊದಲು.

ಡಾಕ್ಟರು ಅಲ್ಲಿಂದ ನೇರ ಠಾಣೆಗೆ ಹೋಗಿ ನಿಜ ಬರೆಸಿದರು. ಅವರ ತಮ್ಮ ಅವರೊಡನೆ ಮಾತು ಬಿಟ್ಟ. ಕೋರ್ಟು ಶಿಕ್ಷೆ ಕೊಟ್ಟಿತು, ಅನುಭವಿಸಿದರು, ನೌಕರಿಯೂ ಹೋಯಿತು. ಈಗ ಬಸ್ಸಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ದನ ನೋಡುತ್ತಾರೆ. ಫಕೀರಪ್ಪ ಕ್ಷಮಿಸಿದನೇ ಎಂದು ಕೇಳಿದೆ. “ಗೊತ್ತಿಲ್ರಿ ಅಜ್ಜಾರ. ನಾ ಕೇಳಿಲ್ಲ, ಅವ ಹೇಳಿಲ್ಲ” ಎಂದರು. ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಅಜ್ಜಾ ಎಂದು ಓಡಿ ಬರುತ್ತಾಳಂತೆ. ಎತ್ತಿಕೊಳ್ಳುತ್ತಾರೆ. ಅವಳು ಬಾಯಿ ತೆರೆದು ನಕ್ಕರೆ ಮಾತ್ರ ಅವರಿಂದ ನೋಡಲಾಗುವುದಿಲ್ಲ. ಮುಖ ಬೇರೆ ಕಡೆ ತಿರುಗಿಸುತ್ತಾರೆ. ಅಜ್ಜ ಯಾಕೆ ಹೀಗೆ ಮಾಡುತ್ತಾನೆ ಎಂದು ಆ ಕೂಸಿಗೆ ಇನ್ನೂ ಯಾರೂ ಹೇಳಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಇವತ್ತು ಇಲ್ಲಿಗೆ ಬರುವಾಗ ಬೈಕಿನ ಮೇಲೆ ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಬಂದವರು ಎಷ್ಟು ಜನ? ಕೈ ಎತ್ತುವುದು ಬೇಡ. ನಿಮಗೇ ಗೊತ್ತು. ಬೈಕಿನ ಹಿಂದೆ ಕೂತು ಬಂದ ತಾಯಂದಿರೇ, ನೀವು ನೋಡಿಯೂ ಯಾಕೆ ಸುಮ್ಮನಿದ್ದಿರಿ? ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುವ ಗಂಡನಿಗೆ ನೀವು ಇದೊಂದು ಮಾತು ಹೇಳಬಾರದೇ? ಮನೆಯಲ್ಲಿ ಕೂತು “ಎಲ್ಲಿದೀರಿ, ಎಲ್ಲಿದೀರಿ” ಎಂದು ನಾಲ್ಕು ಸಲ ಫೋನು ಮಾಡುವವರೇ, ಅದು ಪ್ರೀತಿ ಎಂದುಕೊಂಡಿದ್ದೀರಿ. ಗಾಡಿ ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ ಎಂದು ಸುಮ್ಮನಿರುವುದೂ ಪ್ರೀತಿಯೇ. ಅವರು ಫೋನು ಎತ್ತಿದರೆ ಮೊದಲು ಕೇಳಿ, ಗಾಡಿ ಮೇಲಿದ್ದೀರಾ ಅಂತ. ಹೌದು ಎಂದರೆ ಮರುಮಾತಿಲ್ಲದೆ ಇಟ್ಟುಬಿಡಿ.

ಕೀಲಿ ತಿರುಗಿಸುವ ಮೊದಲೇ ಮೊಬೈಲಿನ ಸದ್ದು ಅಡಗಿಸಿ, ಕೈಗೆ ಸಿಗದ ಕಡೆ ಇಡಿ. ಚೀಲದಲ್ಲಿಡಿ, ಡಿಕ್ಕಿಯಲ್ಲಿಡಿ. ಅಷ್ಟು ಅವಸರದ ಮಾತಿದ್ದರೆ ಬದಿಗೆ ನಿಲ್ಲಿಸಿ, ಇಳಿದು, ಮಾತಾಡಿ. ನಿಲ್ಲಿಸುವಷ್ಟು ದೊಡ್ಡದಲ್ಲದ ಮಾತು ಒಂದು ಜೀವ ತೆಗೆಯುವಷ್ಟು ದೊಡ್ಡದು ಹೇಗಾಯಿತು? ಇನ್ನು, ಎಂದಾದರೂ ತಪ್ಪು ನಡೆದೇಹೋದರೆ ಅದನ್ನು ಸತ್ತವರ ತಲೆಗೆ ಕಟ್ಟಬೇಡಿ.

ನಾಳೆಯಿಂದ ಅಂತ ಹೇಳಬೇಡಿ. ಹೊರಗೆ ನಿಮ್ಮ ಗಾಡಿಗಳು ನಿಂತಿವೆ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೆ ಅದೇ ರಸ್ತೆಗೆ ಇಳಿಯುತ್ತೀರಿ. ನಡೆದು ಮನೆಗೆ ಹೋಗುವ ಮುದುಕಿಯರು, ಮಕ್ಕಳು ನಿಮ್ಮ ಮುಂದೆಯೇ ಇರುತ್ತಾರೆ.

ಅವರನ್ನು ನೋಡುತ್ತಾ ಹೋಗಿ.